ಹೊರದೇಶದಲ್ಲಿ ಮನೆ ಇದ್ದರೆ ಕಂದಾಯದ ಲೆಕ್ಕ ಹೇಗೆ? ಕೊಳ್ಳುವ ದಿನದಿಂದ ಮಾರುವ ದಿನದವರೆಗಿನ ಸಮಗ್ರ ಮಾರ್ಗದರ್ಶಿ

ಆಸ್ತಿ ತೆರಿಗೆಯ ನೋಟಿಸು, ಬೇರೆ ವಿಳಾಸ ಕೊಡದಿದ್ದರೆ, ಆಸ್ತಿ ಇರುವ ವಿಳಾಸಕ್ಕೇ ಹೋಗುತ್ತದೆ. ಮಾಲೀಕರು ಇನ್ನೊಂದು ಖಂಡದಲ್ಲಿರಬಹುದು. ಬೀಗ ಹಾಕಿದ ಮನೆಯ ಅಂಚೆಪೆಟ್ಟಿಗೆಯಲ್ಲಿ ಕಾಗದ ಬಿದ್ದಿರುತ್ತದೆ. ಅದರೊಳಗಿನ ಗಡುವು ಮಾತ್ರ ಯಾರಿಗೂ ಕಾಯದೆ ಓಡುತ್ತಿರುತ್ತದೆ. ಹೊರದೇಶದ ಆಸ್ತಿ ಎಂದಕೂಡಲೇ ಎಲ್ಲರೂ ಕೇಳುವ ಪ್ರಶ್ನೆ 'ಅಲ್ಲಿ ತೆರಿಗೆ ಶೇಕಡಾ ಎಷ್ಟು?' ಎಂಬುದು. ನನ್ನ ಮಟ್ಟಿಗೆ ಅದು ಎರಡನೆಯ ಪ್ರಶ್ನೆ. ಮೊದಲನೆಯದು 'ಆ ಕಾಗದ ನನ್ನ ಕೈಗೆ ಹೇಗೆ ಬರುತ್ತದೆ?'

ಇದು ಉತ್ಪ್ರೇಕ್ಷೆ ಎನಿಸಿದರೆ ಅಮೆರಿಕದ ಮಿನ್ನೆಸೋಟ ರಾಜ್ಯದ ಹೆನ್ನೆಪಿನ್ ಕೌಂಟಿಯಲ್ಲಿ (ಕೌಂಟಿ ಎಂದರೆ ನಮ್ಮ ಜಿಲ್ಲೆಯಂಥ ಆಡಳಿತ ಘಟಕ) ನಡೆದದ್ದನ್ನು ನೋಡಿ. ವೃದ್ಧೆಯೊಬ್ಬರು ತಮ್ಮ ಫ್ಲ್ಯಾಟ್ ಬಿಟ್ಟು ಬೇರೆಡೆ ವಾಸಕ್ಕೆ ಹೋದರು. ಫ್ಲ್ಯಾಟಿನ ತೆರಿಗೆ ಸುಮಾರು 2,300 ಡಾಲರ್ ಬಾಕಿ ಉಳಿಯಿತು. ದಂಡ, ಬಡ್ಡಿ, ವೆಚ್ಚ ಸೇರಿ ಅದು ಸುಮಾರು 15,000 ಡಾಲರ್ ಆಯಿತು. ಕೌಂಟಿ ಆ ಮನೆಯನ್ನು 40,000 ಡಾಲರಿಗೆ ಮಾರಿ, ಉಳಿದ 25,000ವನ್ನೂ ತಾನೇ ಇಟ್ಟುಕೊಂಡಿತು. ಬಾಕಿಗಿಂತ ಹೆಚ್ಚಿನ ಹಣವನ್ನು ಸರ್ಕಾರ ಇಟ್ಟುಕೊಳ್ಳುವಂತಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2023ರಲ್ಲಿ ಸರ್ವಾನುಮತದಿಂದ ತೀರ್ಪು ಕೊಟ್ಟಿತು. ಆದರೆ ಬಾಕಿಗಾಗಿ ಮನೆ ಮಾರುವ ಅಧಿಕಾರವನ್ನು ಆ ತೀರ್ಪು ತೆಗೆದುಹಾಕಲಿಲ್ಲ. ಆಕೆ ಸಾಗರ ದಾಟಿ ಹೋದವರೂ ಅಲ್ಲ.

ಈ ಮಾರ್ಗದರ್ಶಿಯನ್ನು ಒಂದು ಆಸ್ತಿಯ ಆಯುಸ್ಸಿನ ಕ್ರಮದಲ್ಲಿ ಬರೆದಿದ್ದೇನೆ. ಉದಾಹರಣೆಗಳು ಹಲವು ದೇಶಗಳವು. ದರಗಳು ಬಜೆಟ್ಟಿನಿಂದ ಬಜೆಟ್ಟಿಗೆ ಬದಲಾಗುತ್ತವೆ, ಹಿಂದಿರುವ ಯಂತ್ರ ಬೇಗ ಬದಲಾಗುವುದಿಲ್ಲ. ಗಮನ ಆ ಯಂತ್ರದ ಮೇಲಿರಲಿ.

ಹಂತ 1: 'ಆಸ್ತಿ ತೆರಿಗೆ' ಎಂಬ ಗಂಟನ್ನು ಬಿಚ್ಚಿ

ಆ ಒಂದು ಹೆಸರಿನ ಕೆಳಗೆ ಐದು ಬೇರೆ ಬೇರೆ ತೆರಿಗೆಗಳು ಅಡಗಿವೆ: ಕೊಳ್ಳುವಾಗ ಕಟ್ಟುವ ನೋಂದಣಿ ಅಥವಾ ಮುದ್ರಾಂಕ ತೆರಿಗೆ, ಇಟ್ಟುಕೊಂಡಿರುವುದಕ್ಕೆ ವರ್ಷ ವರ್ಷ ಕಟ್ಟುವ ಕಂದಾಯ, ಬಾಡಿಗೆಯ ಮೇಲಿನ ಆದಾಯ ತೆರಿಗೆ, ಮಾರಿದಾಗಿನ ಬಂಡವಾಳ ಲಾಭದ ತೆರಿಗೆ, ಕೊನೆಗೆ ಸಂಪತ್ತು ಅಥವಾ ಉತ್ತರಾಧಿಕಾರದ ಮೇಲಿನ ತೆರಿಗೆ. ಇವುಗಳನ್ನು ವಸೂಲು ಮಾಡುವ ಕಚೇರಿಯೂ ಒಂದೇ ಅಲ್ಲ. ಒಂದು ಪುರಸಭೆಯದು, ಇನ್ನೊಂದು ರಾಜ್ಯ ಅಥವಾ ಪ್ರಾಂತ್ಯದ್ದು, ಮತ್ತೊಂದು ರಾಷ್ಟ್ರದ ಆದಾಯ ತೆರಿಗೆ ಇಲಾಖೆಯದು. ಒಬ್ಬರಿಗೆ ಕಟ್ಟಿದ್ದು ಇನ್ನೊಬ್ಬರ ಲೆಕ್ಕಕ್ಕೆ ಬರುವುದಿಲ್ಲ.

ಸ್ಪೇನ್‌ನಲ್ಲಿ ಮನೆ ಇರುವ ವಿದೇಶಿಯರು ಎಡವುವುದು ಇಲ್ಲಿಯೇ. ಪುರಸಭೆಗೆ ಐಬಿಐ ಎಂಬ ವಾರ್ಷಿಕ ಕಂದಾಯ ಕಟ್ಟಿ, ರಸೀದಿ ಜೋಡಿಸಿಟ್ಟು, ಎಲ್ಲ ಮುಗಿಯಿತೆಂದುಕೊಳ್ಳುತ್ತಾರೆ. ರಾಷ್ಟ್ರೀಯ ತೆರಿಗೆ ಇಲಾಖೆಯಾದರೋ ಅವರಿಂದ ಪ್ರತ್ಯೇಕ ಅನಿವಾಸಿ ತೆರಿಗೆ ವಿವರಪಟ್ಟಿಯನ್ನು (ರಿಟರ್ನ್) ನಿರೀಕ್ಷಿಸುತ್ತಿರುತ್ತದೆ. ಅದಕ್ಕೆ ಬಿಲ್ ಬರುವುದಿಲ್ಲ, ತಾವಾಗಿಯೇ ಸಲ್ಲಿಸಬೇಕು. ಬಿಲ್ ಬಾರದ ತೆರಿಗೆಯೇ ಹೆಚ್ಚು ಅಪಾಯಕಾರಿ.

ಮೊದಲ ಕೆಲಸ ಇಷ್ಟು: ಒಂದು ಹಾಳೆಯಲ್ಲಿ ಈ ಐದನ್ನೂ ಬರೆದು, ಪ್ರತಿಯೊಂದರ ಎದುರು ಆ ದೇಶದಲ್ಲಿ ಅದಕ್ಕಿರುವ ಹೆಸರು, ಕಚೇರಿ, ಕಟ್ಟಬೇಕಾದ ದಿನ, ಬಿಲ್ ಬರುತ್ತದೆಯೋ ಇಲ್ಲವೋ ಎಂಬುದನ್ನು ತುಂಬಿಸಿ. ಸ್ಥಳೀಯ ಹೆಸರು ಮುಖ್ಯ. ಫ್ರಾನ್ಸಿನಲ್ಲಿ ತಾಕ್ಸ್ ಫೊನ್ಸಿಯೇರ್, ಪೋರ್ಚುಗಲ್‌ನಲ್ಲಿ ಐಎಂಐ, ಇಟಲಿಯಲ್ಲಿ ಐಎಂಯು, ಗ್ರೀಸ್‌ನಲ್ಲಿ ಎನ್ಫಿಯಾ, ಜರ್ಮನಿಯಲ್ಲಿ ಗ್ರುಂಡ್‌ಸ್ಟೊಯರ್, ಆಸ್ಟ್ರೇಲಿಯಾದಲ್ಲಿ ಕೌನ್ಸಿಲ್ ರೇಟ್ಸ್ ಮತ್ತು ಅದರಿಂದ ಬೇರೆಯಾದ ರಾಜ್ಯದ ಲ್ಯಾಂಡ್ ಟ್ಯಾಕ್ಸ್. ಬಂದ ಲಕೋಟೆಯ ಮೇಲೆ ಈ ಪದ ಕಂಡಾಗ ಅದು ಜಾಹೀರಾತಲ್ಲ ಎಂದಾದರೂ ಗುರುತು ಸಿಗಬೇಕಲ್ಲ.

ಕೆಲವು ಸಾಲು ಖಾಲಿ ಉಳಿಯಬಹುದು. ಮಾಲ್ಟಾದಲ್ಲಿ ವಾರ್ಷಿಕ ಆಸ್ತಿ ತೆರಿಗೆ ಇಲ್ಲ. ದುಬೈಯಲ್ಲೂ ಇಲ್ಲ, ಆದರೆ ಅಲ್ಲಿ ಭೂ ಇಲಾಖೆ ಕೊಳ್ಳುವಾಗಲೇ ಬೆಲೆಯ ಶೇ 4ರಷ್ಟು ನೋಂದಣಿ ಶುಲ್ಕ ತೆಗೆದುಕೊಳ್ಳುತ್ತದೆ. 'ತೆರಿಗೆಯೇ ಇಲ್ಲದ ಊರು' ಎಂದು ಮಾರಾಟಗಾರರು ಹೇಳಿದರೆ, ಐದರಲ್ಲಿ ಯಾವುದು ಇಲ್ಲ ಎಂದು ಕೇಳಿ.

ಹಂತ 2: ಮುಂಗಡ ಕೊಡುವ ಮೊದಲು ಪ್ರವೇಶದ ಲೆಕ್ಕ

ವಿದೇಶಿಯರು ಕೊಳ್ಳಬಹುದೇ ಎಂಬುದೇ ಮೊದಲ ಪರೀಕ್ಷೆ. ಕೆನಡಾ 2023ರ ಜನವರಿ 1ರಿಂದ ವಿದೇಶಿಯರ ವಸತಿ ಖರೀದಿಯನ್ನು ಬಹುಮಟ್ಟಿಗೆ ನಿಷೇಧಿಸಿ, ಅವಧಿಯನ್ನು 2027ರ ಆರಂಭದವರೆಗೆ ವಿಸ್ತರಿಸಿತು. ಆಸ್ಟ್ರೇಲಿಯಾ 2025ರ ಏಪ್ರಿಲ್‌ನಿಂದ ಎರಡು ವರ್ಷಗಳ ಕಾಲ, ಮೊದಲೇ ಕಟ್ಟಿರುವ ಮನೆಗಳನ್ನು ವಿದೇಶಿಯರು ಕೊಳ್ಳದಂತೆ ತಡೆ ಹಾಕಿತು. ಥಾಯ್ಲೆಂಡ್‌ನಲ್ಲಿ ವಿದೇಶಿಯರು ಸಾಮಾನ್ಯವಾಗಿ ನೆಲ ಕೊಳ್ಳುವಂತಿಲ್ಲ. ಒಂದು ಕಾಂಡೋಮಿನಿಯಂ ಕಟ್ಟಡದ ಶೇ 49ರಷ್ಟು ವಿಸ್ತೀರ್ಣದ ಮಿತಿಯೊಳಗೆ ಫ್ಲ್ಯಾಟ್ ಕೊಳ್ಳಬಹುದು.

ಕೊಳ್ಳಬಹುದಾದರೆ, ವಿದೇಶಿಯರೆಂಬ ಕಾರಣಕ್ಕೆ ಮೇಲುತೆರಿಗೆ ಇದೆಯೇ ನೋಡಿ. ಸಿಂಗಪುರ 2023ರ ಏಪ್ರಿಲ್ 27ರಿಂದ ವಿದೇಶಿ ಖರೀದಿದಾರರ ಮೇಲೆ ಬೆಲೆಯ ಶೇ 60ರಷ್ಟು ಹೆಚ್ಚುವರಿ ಮುದ್ರಾಂಕ ಶುಲ್ಕ ವಿಧಿಸಿತು. ಮನೆಯ ಜೊತೆಗೆ ಅರ್ಧಕ್ಕಿಂತ ದೊಡ್ಡ ಇನ್ನೊಂದು ಮನೆ ಕೊಂಡಂತೆ! ಅಮೆರಿಕ, ಸ್ವಿಟ್ಜರ್ಲೆಂಡ್, ನಾರ್ವೆ, ಐಸ್‌ಲೆಂಡ್, ಲಿಕ್ಟೆನ್‌ಸ್ಟೈನ್ ಪ್ರಜೆಗಳಿಗೆ ವ್ಯಾಪಾರ ಒಪ್ಪಂದಗಳಿಂದಾಗಿ ಇದರಲ್ಲಿ ವಿನಾಯಿತಿ ಉಂಟು. ಅಂದರೆ ನಿಮ್ಮ ಪಾಸ್‌ಪೋರ್ಟೂ ಲೆಕ್ಕದ ಒಂದು ಅಂಕಿ. ಇಂಗ್ಲೆಂಡ್‌ನಲ್ಲಾದರೆ ಪಾಸ್‌ಪೋರ್ಟ್ ನೋಡುವುದಿಲ್ಲ, ವಾಸ ನೋಡುತ್ತಾರೆ. ಕೊಳ್ಳುವ ಮೊದಲಿನ 12 ತಿಂಗಳಲ್ಲಿ ಕನಿಷ್ಠ 183 ದಿನವಾದರೂ ಬ್ರಿಟನ್ನಿನಲ್ಲಿ ಇದ್ದಿರದವರಿಗೆ ಶೇ 2ರ ಮೇಲುತೆರಿಗೆ. ಅದು 2021ರಲ್ಲಿ ಬಂತು. ಬೇರೆ ದೇಶದಲ್ಲಿ ಈಗಾಗಲೇ ಮನೆ ಇದ್ದರೆ ಎರಡನೇ ಮನೆಯ ಶೇ 5 ಅದರ ಮೇಲೆ ಇನ್ನೊಂದು.

ಹಂತ 3: ಸಂಖ್ಯೆ, ವಿಳಾಸ, ಪ್ರತಿನಿಧಿ, ಖಾತೆ

ಕ್ರಯಪತ್ರಕ್ಕೆ ಸಹಿ ಹಾಕಿದ ವಾರವೇ ಮುಗಿಸಬೇಕಾದ ಕೆಲಸ ಇದು. ನನಗೆ ಕೇಳಿದರೆ, ಉಳಿದ ಎಲ್ಲ ಹಂತಗಳಿಗಿಂತ ಇದೇ ಹೆಚ್ಚು ಹಣ ಉಳಿಸುತ್ತದೆ.

ಬಹುತೇಕ ದೇಶಗಳಲ್ಲಿ ತೆರಿಗೆ ಕಟ್ಟಲು ಆ ದೇಶದ ತೆರಿಗೆ ಸಂಖ್ಯೆ ಬೇಕು. ಸ್ಪೇನ್‌ನಲ್ಲಿ ಎನ್‌ಐಇ, ಪೋರ್ಚುಗಲ್‌ನಲ್ಲಿ ಎನ್‌ಐಎಫ್, ಅಮೆರಿಕದಲ್ಲಿ ಬಾಡಿಗೆ ಅಥವಾ ಮಾರಾಟದ ಲೆಕ್ಕ ಸಲ್ಲಿಸಲು ಐಟಿಐಎನ್. ಮಾರುವ ಹೊತ್ತಿಗೆ ಅರ್ಜಿ ಹಾಕೋಣವೆಂದು ಬಿಟ್ಟರೆ ನಿಮ್ಮ ಹಣ ಖಜಾನೆಯಲ್ಲಿ ಕುಳಿತು ಸಂಖ್ಯೆಗಾಗಿ ಕಾಯಬೇಕಾಗುತ್ತದೆ.

ಮುಂದಿನದು ಅಂಚೆ ವಿಳಾಸ. ತೆರಿಗೆ ಕಚೇರಿಯ ದಾಖಲೆಯಲ್ಲಿ ಆಸ್ತಿಯ ವಿಳಾಸ ಒಂದು ಅಂಕಣ, ಪತ್ರ ಕಳುಹಿಸುವ ವಿಳಾಸ ಇನ್ನೊಂದು ಅಂಕಣ. ಎರಡನೆಯದನ್ನು ಯಾರೂ ತುಂಬಿಸದಿದ್ದರೆ ಮೊದಲನೆಯದೇ ಅಲ್ಲಿಗೂ ನಕಲಾಗುತ್ತದೆ. ನೋಟರಿಗೋ ವಕೀಲರಿಗೋ ಹೇಳಿದ್ದೇನೆ ಎಂದು ಸುಮ್ಮನಿರಬೇಡಿ; ಬದಲಾದ ದಾಖಲೆಯ ಪ್ರತಿ ಕೇಳಿ ಪಡೆಯಿರಿ. ಜಾಲತಾಣದಲ್ಲಿ ಖಾತೆ ತೆರೆಯಲು ಅವಕಾಶವಿದ್ದರೆ ತೆರೆದು, ಇಮೇಲ್ ಮೂಲಕ ನೋಟಿಸು ಬರುವಂತೆ ಮಾಡಿಕೊಳ್ಳಿ. ಕ್ಯಾಲಿಫೋರ್ನಿಯಾದ ಕಾನೂನು ಇದನ್ನು ಮುಖಕ್ಕೆ ಹೊಡೆದಂತೆ ಹೇಳುತ್ತದೆ: ಬಿಲ್ ಬರಲಿಲ್ಲ ಎಂಬ ಕಾರಣಕ್ಕೆ ದಂಡ ಮನ್ನಾ ಆಗುವುದಿಲ್ಲ.

ಕೆಲವು ದೇಶಗಳು ಸ್ಥಳೀಯ ಪ್ರತಿನಿಧಿಯನ್ನೇ ಬಯಸುತ್ತವೆ. ಜಪಾನ್‌ನಲ್ಲಿ ವಾಸವಿಲ್ಲದ ಮಾಲೀಕರು ತೆರಿಗೆ ವ್ಯವಹಾರಕ್ಕೆ ಅಲ್ಲಿ ವಾಸಿಸುವ ಪ್ರತಿನಿಧಿಯನ್ನು ನೇಮಿಸಬೇಕು. ಅವರನ್ನು ನೋಜೇ ಕನ್ರಿನಿನ್ ಎನ್ನುತ್ತಾರೆ. ಪ್ರತಿನಿಧಿ ಕಡ್ಡಾಯವಲ್ಲದ ಕಡೆಯೂ, ಭಾಷೆ ಬಾರದಿದ್ದರೆ ವರ್ಷಕ್ಕೊಮ್ಮೆ ಕಾಗದ ಓದಿ ಹೇಳುವ ಲೆಕ್ಕಿಗರೊಬ್ಬರಿಗೆ ಶುಲ್ಕ ಕೊಡುವುದು ದಂಡಕ್ಕಿಂತ ಅಗ್ಗ.

ಕೊನೆಯದಾಗಿ, ಆ ದೇಶದಲ್ಲೊಂದು ಬ್ಯಾಂಕ್ ಖಾತೆ, ಅದರಿಂದ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆ, ಖಾತೆಯಲ್ಲಿ ಒಂದು ವರ್ಷದ ಕಂದಾಯಕ್ಕಾಗುವಷ್ಟು ಹಣ. ವ್ಯವಸ್ಥೆ ಮಾಡಿ ಹಣ ಇಡಲು ಮರೆತರೆ ತಾನಾಗಿ ಆಗುವುದು ದಂಡ ಮಾತ್ರ.

ಹಂತ 4: ವಾರ್ಷಿಕ ಬಿಲ್ಲನ್ನು ಓದಲು ಕಲಿಯಿರಿ

ಬಹಳಷ್ಟು ದೇಶಗಳಲ್ಲಿ ಈ ಬಿಲ್ಲಿನ ಒಳಗುಟ್ಟು ಒಂದೇ: ಒಂದು ಮೌಲ್ಯ, ಅದರಿಂದ ಕಳೆಯುವ ರಿಯಾಯಿತಿ, ಉಳಿದದ್ದಕ್ಕೆ ಒಂದು ದರ. ವ್ಯತ್ಯಾಸ ಇರುವುದು 'ಮೌಲ್ಯ' ಎಂದರೆ ಏನು ಎಂಬುದರಲ್ಲಿ.

ಅದು ಮಾರುಕಟ್ಟೆ ಬೆಲೆಯೇ ಆಗಿರಬೇಕಿಲ್ಲ. ಸಿಂಗಪುರದಲ್ಲಿ ಆ ಮನೆ ವರ್ಷಕ್ಕೆ ಎಷ್ಟು ಬಾಡಿಗೆ ತರಬಹುದು ಎಂಬ ಅಂದಾಜೇ ಮೌಲ್ಯ. ಸ್ಪೇನ್, ಪೋರ್ಚುಗಲ್, ಇಟಲಿಗಳಲ್ಲಿ ಸರ್ಕಾರಿ ಭೂದಾಖಲೆಯ ಮೌಲ್ಯ. ಅದು ಮಾರುಕಟ್ಟೆಗಿಂತ ಬಹಳ ಕೆಳಗಿರಬಹುದು. ಇಂಗ್ಲೆಂಡ್‌ನಲ್ಲಿ ಇನ್ನೂ ವಿಚಿತ್ರ: ಕೌನ್ಸಿಲ್ ಟ್ಯಾಕ್ಸ್ ಎಂಬ ಸ್ಥಳೀಯ ತೆರಿಗೆಗೆ ಮನೆ ಯಾವ ಶ್ರೇಣಿಗೆ ಸೇರುತ್ತದೆ ಎಂಬುದನ್ನು 1991ರ ಏಪ್ರಿಲ್ 1ರ ಬೆಲೆಯ ಮೇಲೆ ನಿರ್ಧರಿಸುತ್ತಾರೆ. ಕಳೆದ ವರ್ಷ ಕಟ್ಟಿದ ಮನೆಯೂ 1991ರಲ್ಲಿ ಇದ್ದಿದ್ದರೆ ಎಷ್ಟಕ್ಕೆ ಹೋಗುತ್ತಿತ್ತು ಎಂದು ಊಹಿಸಬೇಕು. ಜರ್ಮನಿ ಪಶ್ಚಿಮದಲ್ಲಿ 1964ರ, ಪೂರ್ವದಲ್ಲಿ 1935ರ ಮೌಲ್ಯಗಳನ್ನೇ ಎಳೆದುಕೊಂಡು ಬಂದಿತ್ತು. ಅದು ಸಮಾನತೆಗೆ ವಿರುದ್ಧವೆಂದು ಅಲ್ಲಿನ ಸಂವಿಧಾನ ನ್ಯಾಯಾಲಯ 2018ರಲ್ಲಿ ಹೇಳಿ, ಹೊಸ ಪದ್ಧತಿ 2025ರ ಜನವರಿಯಿಂದ ಜಾರಿಯಾಯಿತು. ಹಳೆಯ ಮೌಲ್ಯ ನಿಮಗೆ ಅನುಕೂಲವಾಗಿದ್ದರೆ ಸಂತೋಷಪಡಿ, ಆದರೆ ಅದು ಶಾಶ್ವತವೆಂದು ಲೆಕ್ಕ ಹಾಕಬೇಡಿ.

ಅಮೆರಿಕದ ಬಿಲ್ಲಿನಲ್ಲಿ 'ಮಿಲ್' ಎಂಬ ಪದ ಸಿಗುತ್ತದೆ: ಸಾವಿರ ಡಾಲರ್ ಮೌಲ್ಯಕ್ಕೆ ಒಂದು ಡಾಲರ್. ಒಂದು ಲೆಕ್ಕ ಮಾಡಿ ನೋಡೋಣ. ಮಾರುಕಟ್ಟೆ ಬೆಲೆ 3,00,000 ಡಾಲರ್. ಆ ಕೌಂಟಿ ಶೇ 60ನ್ನು ಮಾತ್ರ ಗಣನೆಗೆ ತೆಗೆದುಕೊಳ್ಳುತ್ತದೆ ಎಂದಿಟ್ಟುಕೊಳ್ಳಿ. ಮೌಲ್ಯ 1,80,000. ದರ 12 ಮಿಲ್ ಆದರೆ ತೆರಿಗೆ 2,160 ಡಾಲರ್. ಪಕ್ಕದ ಮನೆಯವರು ಅಲ್ಲಿಯೇ ವಾಸವಾಗಿದ್ದು, ಅವರಿಗೆ 50,000ದ ಸ್ವಂತವಾಸದ ರಿಯಾಯಿತಿ ಇದ್ದರೆ ಅವರದು 1,560. ಮನೆ ಅದೇ, ಬೀದಿ ಅದೇ, ಬಿಲ್ ಬೇರೆ. ಇಂಥ ರಿಯಾಯಿತಿ ಅದನ್ನೇ ಮುಖ್ಯ ಮನೆ ಮಾಡಿಕೊಂಡವರಿಗೆ ಮಾತ್ರ. ದೂರದಲ್ಲಿದ್ದು ಅದನ್ನು ಪಡೆದರೆ ಮುಂದೊಂದು ದಿನ ಬಡ್ಡಿ ಸಮೇತ ಹಿಂದಿರುಗಿಸಬೇಕಾದೀತು.

ಇದರಿಂದಲೇ ಹುಟ್ಟುವ ಒಂದು ಬಲೆ ಇದೆ. ಮಾರುವವರು ತೋರಿಸುವ ಹಳೆಯ ಬಿಲ್ಲನ್ನು ನಂಬಿ ಬಜೆಟ್ ಮಾಡಬೇಡಿ. ಕ್ಯಾಲಿಫೋರ್ನಿಯಾದಲ್ಲಿ 1978ರಲ್ಲಿ ಮತದಾರರು ಒಪ್ಪಿದ 13ನೇ ಪ್ರಸ್ತಾವದ ಪ್ರಕಾರ ಮೌಲ್ಯ ವರ್ಷಕ್ಕೆ ಶೇ 2ಕ್ಕಿಂತ ಹೆಚ್ಚು ಏರುವಂತಿಲ್ಲ, ಆದರೆ ಮಾಲೀಕರು ಬದಲಾದೊಡನೆ ಮತ್ತೆ ಮಾರುಕಟ್ಟೆ ಬೆಲೆಗೆ ಜಿಗಿಯುತ್ತದೆ. ಮೂವತ್ತು ವರ್ಷ ಅಲ್ಲಿದ್ದವರ ಬಿಲ್ಲು ನಿಮ್ಮ ಬಿಲ್ಲಿನ ಕಾಲು ಭಾಗವೂ ಇರದಿರಬಹುದು. ಜಿಗಿತದ ವ್ಯತ್ಯಾಸಕ್ಕೆ ಪೂರಕ ಬಿಲ್ ಎಂಬ ಇನ್ನೊಂದು ಕಾಗದವೂ ಬೇರೆಯಾಗಿ ಬರುತ್ತದೆ. ಫ್ಲೋರಿಡಾದಲ್ಲೂ ಇದೇ ಕಥೆ: ಸ್ವಂತವಾಸದ ಮನೆಗೆ ವಾರ್ಷಿಕ ಏರಿಕೆಯ ಮಿತಿ ಶೇ 3, ಉಳಿದವಕ್ಕೆ ಶೇ 10, ಮಾರಾಟವಾದರೆ ಎರಡೂ ಅಳಿಸಿಹೋಗುತ್ತವೆ.

ಇನ್ನೊಂದು ಪ್ರಶ್ನೆ: ಈ ಬಿಲ್ಲು ಕಟ್ಟಬೇಕಾದವರು ಯಾರು? ಬ್ರಿಟನ್ನಿನ ಕೌನ್ಸಿಲ್ ಟ್ಯಾಕ್ಸನ್ನು ಸಾಮಾನ್ಯವಾಗಿ ವಾಸಿಸುವವರು, ಅಂದರೆ ಬಾಡಿಗೆದಾರರು, ಕಟ್ಟುತ್ತಾರೆ. ಮನೆ ಖಾಲಿಯಾದರೆ ಹೊಣೆ ಮಾಲೀಕರಿಗೆ ಮರಳುತ್ತದೆ. ಫ್ರಾನ್ಸ್, ಜಪಾನ್‌ಗಳಲ್ಲಿ ಜನವರಿ 1ರಂದು ಯಾರ ಹೆಸರಿನಲ್ಲಿದೆಯೋ ಅವರೇ ಇಡೀ ವರ್ಷಕ್ಕೆ ಹೊಣೆ. ಜನವರಿ 5ಕ್ಕೆ ಮಾರಿದರೂ ಬಿಲ್ಲು ನಿಮಗೇ. ಅದಕ್ಕಾಗಿಯೇ ಕ್ರಯದ ಕರಾರಿನಲ್ಲಿ ದಿನಗಳ ಲೆಕ್ಕದಲ್ಲಿ ಹಂಚಿಕೊಳ್ಳುವ ಷರತ್ತು ಇರಬೇಕು. ಆದರೆ ಆ ಹಂಚಿಕೆ ಇಬ್ಬರ ನಡುವಿನದು, ಕಚೇರಿಯವರಿಗೆ ಅದರ ಗೊಡವೆ ಇಲ್ಲ.

ಹಂತ 5: ಕಟ್ಟುವ ದಿನ, ತಕರಾರಿನ ದಿನ

ಕಂತುಗಳು ದೇಶದಿಂದ ದೇಶಕ್ಕೆ ಬೇರೆ. ಇಟಲಿಯಲ್ಲಿ ಜೂನ್ 16 ಮತ್ತು ಡಿಸೆಂಬರ್ 16. ಜರ್ಮನಿಯಲ್ಲಿ ಫೆಬ್ರವರಿ, ಮೇ, ಆಗಸ್ಟ್, ನವೆಂಬರ್‌ಗಳ 15ನೇ ತಾರೀಖು. ಸಿಂಗಪುರದಲ್ಲಿ ಇಡೀ ವರ್ಷದ್ದು ಜನವರಿ 31ರೊಳಗೆ. ಪೋರ್ಚುಗಲ್‌ನಲ್ಲಿ ಮೊತ್ತ 100 ಯೂರೋ ಒಳಗಿದ್ದರೆ ಮೇ ತಿಂಗಳಲ್ಲಿ ಒಂದೇ ಕಂತು, 500ರವರೆಗೆ ಎರಡು, ಮೀರಿದರೆ ಮೂರು. ಫ್ಲೋರಿಡಾದಲ್ಲಿ ನವೆಂಬರ್‌ನಲ್ಲೇ ಕಟ್ಟಿದರೆ ಶೇ 4 ರಿಯಾಯಿತಿ, ತಿಂಗಳಿಗೊಂದು ಅಂಶ ಕರಗುತ್ತಾ ಮಾರ್ಚ್ ಹೊತ್ತಿಗೆ ಸೊನ್ನೆ, ಏಪ್ರಿಲ್ 1ರಿಂದ ಬಾಕಿದಾರ. ಆಮೇಲೆ ನಿಮ್ಮ ಬಾಕಿಯ ಪ್ರಮಾಣಪತ್ರವನ್ನು ಹೂಡಿಕೆದಾರರಿಗೆ ಹರಾಜು ಹಾಕುತ್ತಾರೆ; ನಿಮ್ಮ ಬಾಕಿಯ ಮೇಲೆ ಬಡ್ಡಿ ಗಳಿಸುವವರು ಅವರು.

ಹೊರದೇಶದ ಹಣ ವರ್ಗಾವಣೆಗೆ ಹಿಡಿಯುವ ದಿನಗಳನ್ನೂ ಬ್ಯಾಂಕಿನ ಕಡಿತವನ್ನೂ ಮರೆಯಬೇಡಿ. 800 ಕಳುಹಿಸಿ ಅಲ್ಲಿಗೆ 785 ತಲುಪಿದರೆ 15ರ ಬಾಕಿಗೂ ದಂಡ ಬೀಳಬಹುದು. ರಸೀದಿಯಲ್ಲಿ ಆಸ್ತಿಯ ಗುರುತುಸಂಖ್ಯೆ ಸರಿಯಾಗಿದೆಯೇ ನೋಡಿ. ಬೇರೆಯವರ ಮನೆಯ ಕಂದಾಯ ಕಟ್ಟಿ ಪುಣ್ಯ ಕಟ್ಟಿಕೊಂಡವರೂ ಇರುತ್ತಾರೆ.

ಮೌಲ್ಯ ಹೆಚ್ಚಾಗಿದೆ ಎನಿಸಿದರೆ ಆಕ್ಷೇಪ ಸಲ್ಲಿಸುವ ಹಕ್ಕು ವಿದೇಶಿ ಮಾಲೀಕರಿಗೂ ಇದೆ, ಆದರೆ ಅವಧಿ ಚಿಕ್ಕದು. ಗಡುವು ಸಾಮಾನ್ಯವಾಗಿ ಮೌಲ್ಯದ ನೋಟಿಸಿನಿಂದ ಎಣಿಸಲ್ಪಡುತ್ತದೆ, ಬಿಲ್ಲಿನಿಂದಲ್ಲ. ಬಿಲ್ಲು ಬಂದ ಮೇಲೆ ಎಚ್ಚರಾದರೆ ಆ ವರ್ಷದ ಅವಕಾಶ ಹೋಗಿರುತ್ತದೆ. 'ತೆರಿಗೆ ಜಾಸ್ತಿ' ಎಂಬ ವಾದ ನಡೆಯುವುದಿಲ್ಲ. ವಿಸ್ತೀರ್ಣ ತಪ್ಪಾಗಿದೆ, ಕೋಣೆಗಳ ಸಂಖ್ಯೆ ತಪ್ಪಾಗಿದೆ, ಇಂಥದೇ ಮನೆ ಕಡಿಮೆಗೆ ಮಾರಾಟವಾಗಿದೆ ಎಂಬ ದಾಖಲೆ ನಡೆಯುತ್ತದೆ. ಮೊದಲು ದಾಖಲೆಯಲ್ಲಿನ ಚದರಡಿಯನ್ನು ನಕ್ಷೆಯೊಂದಿಗೆ ಹೋಲಿಸಿ. ಆಕ್ಷೇಪ ಬಾಕಿಯಿದ್ದಾಗಲೂ ಬಿಲ್ಲು ಕಟ್ಟುವುದು ಕ್ಷೇಮ.

ಹಂತ 6: ಖಾಲಿ ಮನೆಗೂ ತೆರಿಗೆ

ಬಾಡಿಗೆಗೆ ಕೊಟ್ಟಿಲ್ಲ, ಆದಾಯವಿಲ್ಲ, ಆದ್ದರಿಂದ ಆದಾಯ ತೆರಿಗೆ ಇಲ್ಲ: ಈ ತರ್ಕ ಸ್ಪೇನ್‌ನಲ್ಲಿ ನಡೆಯುವುದಿಲ್ಲ. ಅನಿವಾಸಿ ಮಾಲೀಕರು ತಮ್ಮ ಬಳಕೆಗೆ ಇಟ್ಟುಕೊಂಡ ಮನೆಯಿಂದಲೂ ಆದಾಯ ಬಂದಿದೆ ಎಂದು ಕಾನೂನು ಭಾವಿಸಿಕೊಳ್ಳುತ್ತದೆ. ಭೂದಾಖಲೆಯ ಮೌಲ್ಯದ ಶೇ 2, ಇತ್ತೀಚೆಗೆ ಮೌಲ್ಯ ಪರಿಷ್ಕರಣೆಯಾಗಿದ್ದರೆ ಶೇ 1.1, ಆ ಕಾಲ್ಪನಿಕ ಆದಾಯ. ಅದರ ಮೇಲೆ ಐರೋಪ್ಯ ಒಕ್ಕೂಟದ ನಿವಾಸಿಗಳಿಗೆ ಶೇ 19, ಹೊರಗಿನವರಿಗೆ ಶೇ 24. ಪರಿಷ್ಕೃತ ಮೌಲ್ಯ 1,00,000 ಯೂರೋ ಆದರೆ ಕಾಲ್ಪನಿಕ ಆದಾಯ 1,100, ಹೊರಗಿನವರಿಗೆ ತೆರಿಗೆ 264 ಯೂರೋ. ಮುಂದಿನ ವರ್ಷದ ಡಿಸೆಂಬರ್ 31ರೊಳಗೆ 210ನೇ ನಮೂನೆಯಲ್ಲಿ ಸಲ್ಲಿಸಬೇಕು. ಮೊತ್ತ ಸಣ್ಣದು; ಹತ್ತು ವರ್ಷ ಸಲ್ಲಿಸದೆ ಮಾರಲು ಹೋದಾಗ ಅದು ಸಣ್ಣದಾಗಿ ಉಳಿದಿರುವುದಿಲ್ಲ.

ಫ್ರಾನ್ಸ್ ಮುಖ್ಯ ಮನೆಗಳ ಮೇಲಿನ ವಾಸ ತೆರಿಗೆಯನ್ನು 2023ರ ಹೊತ್ತಿಗೆ ಪೂರ್ತಿ ತೆಗೆದುಹಾಕಿತು, ಎರಡನೇ ಮನೆಗಳಿಗೆ ಉಳಿಸಿಕೊಂಡಿತು. ವಸತಿ ಕೊರತೆಯ ಊರುಗಳು ಅದರ ಮೇಲೆ ಶೇ 60ರವರೆಗೆ ಹೆಚ್ಚುವರಿ ಹೇರಬಹುದು. ಮನೆಯಲ್ಲಿ ಯಾರಿದ್ದಾರೆ ಎಂಬುದನ್ನು ಮಾಲೀಕರು ಜಾಲತಾಣದಲ್ಲಿ ಘೋಷಿಸಬೇಕು. ತಪ್ಪಿದರೆ ಮನೆಯೊಂದಕ್ಕೆ 150 ಯೂರೋ ದಂಡ. ಇಂಗ್ಲೆಂಡ್‌ನ ಸ್ಥಳೀಯ ಆಡಳಿತಗಳು 2025ರ ಏಪ್ರಿಲ್‌ನಿಂದ ಎರಡನೇ ಮನೆಗೆ ಕೌನ್ಸಿಲ್ ಟ್ಯಾಕ್ಸನ್ನು ಇಮ್ಮಡಿಗೊಳಿಸಬಹುದು. ಆಸ್ಟ್ರೇಲಿಯಾದ ವಿಕ್ಟೋರಿಯಾ ರಾಜ್ಯವಂತೂ 'ಗೈರುಹಾಜರಿ ಮಾಲೀಕರು' ಎಂಬ ಹೆಸರನ್ನೇ ಕೊಟ್ಟು, 2024ರಿಂದ ಭೂತೆರಿಗೆಯ ಜೊತೆಗೆ ನೆಲದ ಮೌಲ್ಯದ ಶೇ 4ನ್ನೂ ಸೇರಿಸುತ್ತಿದೆ. ವ್ಯಾಂಕೂವರ್‌ನಲ್ಲಿ 2017ರಿಂದ ಖಾಲಿ ಮನೆ ತೆರಿಗೆ ಇದೆ. ಅಲ್ಲಿ ಪ್ರತಿ ಮಾಲೀಕರೂ ವರ್ಷಕ್ಕೊಮ್ಮೆ ಮನೆಯ ಸ್ಥಿತಿಯನ್ನು ತಿಳಿಸಬೇಕು. ತಿಳಿಸದಿದ್ದರೆ, ಒಳಗೆ ಜನರಿದ್ದರೂ, ದಾಖಲೆಯಲ್ಲಿ ಮನೆ ಖಾಲಿ.

ಹಂತ 7: ಬಾಡಿಗೆ ಬಂದರೆ

ಬಾಡಿಗೆಯ ಮೇಲೆ ಮೊದಲ ಹಕ್ಕು ಮನೆ ಇರುವ ದೇಶದ್ದು. ಮಾಲೀಕರು ಕೈಗೆ ಸಿಗುವುದಿಲ್ಲವೆಂದು ಆ ದೇಶ ಬಾಡಿಗೆದಾರರ ಅಥವಾ ಏಜೆಂಟರ ಕೈಯಿಂದಲೇ ಮೂಲದಲ್ಲಿ ಕಡಿತ ಮಾಡಿಸುತ್ತದೆ. ಅಮೆರಿಕದಲ್ಲಿ ಒಟ್ಟು ಬಾಡಿಗೆಯ ಶೇ 30, ಕೆನಡಾದಲ್ಲಿ ಒಟ್ಟು ಬಾಡಿಗೆಯ ಶೇ 25. ಬ್ರಿಟನ್ನಿನಲ್ಲಿ, ಏಜೆಂಟರು ತಾವೇ ಕೊಟ್ಟ ಕೆಲವು ಖರ್ಚುಗಳನ್ನು ಕಳೆದು, ಶೇ 20.

'ಒಟ್ಟು' ಎಂಬ ಪದದ ಮೇಲೆ ಬೆರಳಿಡಿ. ಸಾಲದ ಬಡ್ಡಿ, ದುರಸ್ತಿ, ವಿಮೆ, ಕಂದಾಯ ಯಾವುದನ್ನೂ ಕಳೆಯದೆ ಕಡಿತವಾಗುವ ಹಣ ಅದು. ಈ ಮೂರೂ ದೇಶಗಳಲ್ಲಿ ಹೊರಬರುವ ಬಾಗಿಲು ಇದೆ, ಆದರೆ ತಟ್ಟಬೇಕು. ಅಮೆರಿಕದಲ್ಲಿ ನಿವ್ವಳ ಆದಾಯದ ಮೇಲೆ ತೆರಿಗೆ ಕಟ್ಟುವ ಆಯ್ಕೆಯನ್ನು ವಿವರಪಟ್ಟಿಯಲ್ಲಿ ಘೋಷಿಸಬೇಕು. ಕೆನಡಾದಲ್ಲಿ ಎನ್‌ಆರ್6 ನಮೂನೆ ಒಪ್ಪಿಗೆಯಾದರೆ ನಿವ್ವಳದ ಮೇಲೆ ಮಾತ್ರ ಕಡಿತ. ಬ್ರಿಟನ್ನಿನಲ್ಲಿ ಎನ್‌ಆರ್‌ಎಲ್1 ಅರ್ಜಿ ಮಂಜೂರಾದರೆ ಕಡಿತವಿಲ್ಲದೆ ಬಾಡಿಗೆ ಕೈಸೇರುತ್ತದೆ. ತೆರಿಗೆ ಇಲ್ಲವೆಂದಲ್ಲ, ನಂತರ ನೀವೇ ಲೆಕ್ಕ ಕೊಡಬೇಕು ಎಂದಷ್ಟೆ.

ಹಂತ 8: ವಾಸಿಸುವ ದೇಶದ ಲೆಕ್ಕ

'ಅಲ್ಲಿ ಕಟ್ಟಿದ್ದೇನೆ, ಇಲ್ಲಿ ಹೇಳಬೇಕಾಗಿಲ್ಲ' ಎಂಬುದು ನಾನು ಕೇಳಿದ ತಪ್ಪು ತಿಳಿವಳಿಕೆಗಳಲ್ಲೆಲ್ಲ ದುಬಾರಿಯಾದದ್ದು. ಅನೇಕ ದೇಶಗಳು ತಮ್ಮ ನಿವಾಸಿಗಳ ಜಗತ್ತಿನಾದ್ಯಂತದ ಆದಾಯಕ್ಕೆ ತೆರಿಗೆ ಹಾಕುತ್ತವೆ. ಎರಡು ಸಲ ತೆರಿಗೆ ಬೀಳದಂತೆ ದೇಶಗಳ ನಡುವೆ ಒಪ್ಪಂದಗಳಿವೆ. ಅವುಗಳಲ್ಲಿ ಬಹಳಷ್ಟು, ಒಇಸಿಡಿ ಎಂಬ ದೇಶಗಳ ಆರ್ಥಿಕ ಸಹಕಾರ ಸಂಘಟನೆ ರೂಪಿಸಿದ ಮಾದರಿ ಒಪ್ಪಂದವನ್ನು ಅನುಸರಿಸುತ್ತವೆ. ಅದರ 6ನೇ ವಿಧಿ ಸ್ಥಿರಾಸ್ತಿಯ ಆದಾಯಕ್ಕೆ, 13ನೇ ವಿಧಿ ಮಾರಾಟದ ಲಾಭಕ್ಕೆ, ಆಸ್ತಿ ಇರುವ ದೇಶ ತೆರಿಗೆ 'ವಿಧಿಸಬಹುದು' ಎನ್ನುತ್ತದೆ. 'ಆ ದೇಶ ಮಾತ್ರ' ಎನ್ನುವುದಿಲ್ಲ. ಮೊದಲ ತುತ್ತು ಅವರದು, ಉಳಿದದ್ದು ವಾಸದ ದೇಶದ್ದು.

ಪರಿಹಾರ ಸಿಗುವುದು ಎರಡು ರೀತಿಯಲ್ಲಿ. ಒಂದು, ವಾಸದ ದೇಶ ಆ ಆದಾಯವನ್ನು ಬಿಟ್ಟುಬಿಡುತ್ತದೆ, ಆದರೂ ಉಳಿದ ಆದಾಯದ ದರ ನಿರ್ಧರಿಸಲು ಎಣಿಸಿಕೊಳ್ಳಬಹುದು. ಇನ್ನೊಂದು, ಅಲ್ಲಿ ಕಟ್ಟಿದ್ದನ್ನು ಇಲ್ಲಿನ ತೆರಿಗೆಯಿಂದ ಕಳೆಯಲು ಬಿಡುತ್ತದೆ. 100ರ ಆದಾಯಕ್ಕೆ ಅಲ್ಲಿ 24 ಕಟ್ಟಿ, ಇಲ್ಲಿನ ತೆರಿಗೆ 30 ಇದ್ದರೆ ಇಲ್ಲಿ 6 ಕಟ್ಟಿದರೆ ಸಾಕು. ಇಲ್ಲಿನದು 20 ಇದ್ದರೆ ಇಲ್ಲಿ ಏನೂ ಇಲ್ಲ, ಆದರೆ ಹೆಚ್ಚಿನ 4ನ್ನು ಯಾರೂ ಹಿಂದಿರುಗಿಸುವುದಿಲ್ಲ. ಹೀಗೆ ಕಳೆಯಲು ಸಾಮಾನ್ಯವಾಗಿ ಆದಾಯದ ಮೇಲಿನ ತೆರಿಗೆಗೆ ಮಾತ್ರ ಅವಕಾಶ. ಪುರಸಭೆಯ ವಾರ್ಷಿಕ ಕಂದಾಯ ಆದಾಯ ತೆರಿಗೆಯಲ್ಲ. ಹೆಚ್ಚೆಂದರೆ ಬಾಡಿಗೆಯ ಖರ್ಚಾಗಿ ತೋರಿಸಬಹುದು, ಅದೂ ಕಾನೂನು ಒಪ್ಪಿದರೆ.

ವರ್ಷಗಳೂ ಹೊಂದುವುದಿಲ್ಲ. ಸ್ಪೇನ್, ಅಮೆರಿಕಗಳದು ಜನವರಿಯಿಂದ, ಭಾರತದ್ದು ಏಪ್ರಿಲ್ 1ರಿಂದ, ಬ್ರಿಟನ್ನಿನದು ಏಪ್ರಿಲ್ 6ರಿಂದ, ಆಸ್ಟ್ರೇಲಿಯಾದ್ದು ಜುಲೈಯಿಂದ. ಆದ್ದರಿಂದ ಬಾಡಿಗೆಯನ್ನೂ ಖರ್ಚನ್ನೂ ವಾರ್ಷಿಕ ಮೊತ್ತವಾಗಿ ಅಲ್ಲ, ತಿಂಗಳವಾರು ಬರೆದಿಡಿ.

ಘೋಷಣೆಯ ನಿಯಮಗಳು ಇನ್ನೊಂದು ಕಡೆ. ಆದಾಯವಿಲ್ಲದಿದ್ದರೂ ಆಸ್ತಿ ಇದೆ ಎಂದೇ ಹೇಳಬೇಕಾದ ದೇಶಗಳಿವೆ. ಸ್ಪೇನ್ ತನ್ನ ನಿವಾಸಿಗಳಿಂದ 50,000 ಯೂರೋ ಮೀರಿದ ಹೊರದೇಶದ ಆಸ್ತಿಯ ವಿವರ ಕೇಳುತ್ತದೆ. ಅದರ ಅತಿಯಾದ ದಂಡಗಳನ್ನು ಐರೋಪ್ಯ ನ್ಯಾಯಾಲಯ 2022ರಲ್ಲಿ ತಳ್ಳಿಹಾಕಿತು, ಘೋಷಣೆ ಮಾತ್ರ ಉಳಿದಿದೆ. ಇಟಲಿ ತನ್ನ ನಿವಾಸಿಗಳ ಹೊರದೇಶದ ಮನೆಗಳ ಮೇಲೆ ಇವಿಯೆ ಎಂಬ ಪ್ರತ್ಯೇಕ ತೆರಿಗೆಯನ್ನೇ ಇಟ್ಟಿದೆ. 2024ರಿಂದ ದರ ಶೇ 1.06. ಭಾರತದ 2015ರ ಕಪ್ಪುಹಣ ಕಾಯ್ದೆಯಡಿ ಹೊರದೇಶದ ಆಸ್ತಿಯನ್ನು ವಿವರಪಟ್ಟಿಯಲ್ಲಿ ತೋರಿಸದಿದ್ದರೆ 10 ಲಕ್ಷ ರೂಪಾಯಿ ದಂಡ ಬೀಳಬಹುದು. 2024ರಲ್ಲಿ 20 ಲಕ್ಷದೊಳಗಿನ ಆಸ್ತಿಗಳಿಗೆ ಸಡಿಲಿಕೆ ಬಂದಾಗಲೂ ಸ್ಥಿರಾಸ್ತಿಯನ್ನು ಹೊರಗಿಟ್ಟರು.

ಹಂತ 9: ಮಾರುವಾಗ

ಮಾರಾಟಕ್ಕೆ ಇಳಿದಾಗ ಹಲವರಿಗೆ ಆಶ್ಚರ್ಯವಾಗುವುದು ತೆರಿಗೆಯಿಂದಲ್ಲ, ತೆರಿಗೆಗೆ ಮೊದಲೇ ಹಿಡಿದಿಡುವ ಹಣದಿಂದ. ಅನಿವಾಸಿಯಿಂದ ಕೊಳ್ಳುವವರು ಬೆಲೆಯ ಒಂದು ಭಾಗವನ್ನು ನೇರವಾಗಿ ಸರ್ಕಾರಕ್ಕೆ ಕಟ್ಟಬೇಕು. ಸ್ಪೇನ್‌ನಲ್ಲಿ ಶೇ 3. ಆಸ್ಟ್ರೇಲಿಯಾದಲ್ಲಿ 2025ರಿಂದ ಶೇ 15. ಅಮೆರಿಕದಲ್ಲಿ 1980ರ ಫಿರ್ಪ್ಟಾ ಕಾಯ್ದೆಯಂತೆ ಸಾಮಾನ್ಯವಾಗಿ ಶೇ 15.

ಈ ಶೇಕಡಾವಾರು ಲಾಭದ ಮೇಲಲ್ಲ, ಬೆಲೆಯ ಮೇಲೆ. 4,70,000 ಡಾಲರಿಗೆ ಕೊಂಡು 5,00,000ಕ್ಕೆ ಮಾರಿದರೆ ಲಾಭ ಹೆಚ್ಚೆಂದರೆ 30,000, ಹಿಡಿದಿಡುವುದು 75,000. ಮಿಕ್ಕದ್ದು ವಿವರಪಟ್ಟಿ ಸಲ್ಲಿಸಿದ ಮೇಲೆ ಮರಳಿ ಬರುತ್ತದೆ, ಆದರೆ ಅಷ್ಟರಲ್ಲಿ ಆ ಹಣದಿಂದ ಬೇರೆ ಮನೆ ಕೊಳ್ಳುವ ಯೋಜನೆ ಇದ್ದವರ ಪಾಡು ಕೇಳಬೇಡಿ. ಕಡಿಮೆ ಕಡಿತಕ್ಕೆ ಪ್ರಮಾಣಪತ್ರ ಕೋರುವ ದಾರಿ ಇದೆ. ಆ ಅರ್ಜಿಯನ್ನು ಮಾರಾಟ ಪೂರ್ಣವಾಗುವ ದಿನಕ್ಕೆ ಮೊದಲು ಅಥವಾ ಅಂದೇ ಹಾಕಿರಬೇಕು.

ಬ್ರಿಟನ್ನಿನಲ್ಲಿ ಕಡಿತವಿಲ್ಲ, ಗಡುವು ಇದೆ. ಅನಿವಾಸಿಗಳು ಮಾರಾಟವನ್ನು 60 ದಿನಗಳೊಳಗೆ ವರದಿ ಮಾಡಬೇಕು, ನಷ್ಟವಾಗಿದ್ದರೂ ಸಹ.

ಲಾಭ ಲೆಕ್ಕ ಹಾಕುವಾಗ ಕೊಂಡಾಗಿನ ತೆರಿಗೆ, ನೋಟರಿ ವೆಚ್ಚ, ಮನೆಗೆ ಸೇರಿಸಿದ ಹೊಸ ಭಾಗದ ಖರ್ಚು ಇವುಗಳನ್ನು ಸಾಮಾನ್ಯವಾಗಿ ಕಳೆಯಬಹುದು, ಬಿಲ್ಲುಗಳಿದ್ದರೆ. ಹಂತ 2ರಲ್ಲಿ ಕಟ್ಟಿದ ಮುದ್ರಾಂಕ ಶುಲ್ಕದ ರಸೀದಿಗೆ ಹದಿನೈದು ವರ್ಷಗಳ ನಂತರ ಬೆಲೆ ಬರುವುದು ಇಲ್ಲಿ.

ವಿನಿಮಯ ದರವೂ ತನ್ನ ಪಾಲು ಕೇಳುತ್ತದೆ. ಬ್ರಿಟನ್ ನಿವಾಸಿಯೊಬ್ಬರು ಯೂರೋಗೆ 0.70 ಪೌಂಡ್ ಇದ್ದಾಗ 2,00,000 ಯೂರೋ ಕೊಟ್ಟು ಮನೆ ಕೊಂಡರು ಎನ್ನಿ: 1,40,000 ಪೌಂಡ್. ದರ 0.88 ಆದಾಗ ಅದೇ 2,00,000 ಯೂರೋಗೆ ಮಾರಿದರು: 1,76,000 ಪೌಂಡ್. ಮನೆ ಇರುವ ದೇಶದಲ್ಲಿ ಲಾಭ ಸೊನ್ನೆ, ತೆರಿಗೆ ಸೊನ್ನೆ. ಬ್ರಿಟನ್ನಿನ ಲೆಕ್ಕದಲ್ಲಿ 36,000 ಪೌಂಡ್ ಲಾಭ, ಕಳೆಯಲು ಅಲ್ಲಿ ಕಟ್ಟಿದ ತೆರಿಗೆಯೂ ಇಲ್ಲ. ಕೊಂಡ ದಿನದ ದರದ ಮುದ್ರಿತ ದಾಖಲೆ ಕ್ರಯಪತ್ರದ ಜೊತೆಗೇ ಇರಲಿ.

ಹಂತ 10: ಸಾವು, ಕಂಪನಿ

ಇವೆರಡಕ್ಕೂ ವಕೀಲರೇ ಬೇಕು, ಆದ್ದರಿಂದ ಎಚ್ಚರಿಕೆ ಮಾತ್ರ. ಅಮೆರಿಕದಲ್ಲಿ ಪ್ರಜೆಯೂ ನಿವಾಸಿಯೂ ಅಲ್ಲದವರು ತೀರಿಕೊಂಡರೆ ಅಲ್ಲಿನ ಆಸ್ತಿಯಲ್ಲಿ ಸಾಮಾನ್ಯವಾಗಿ 60,000 ಡಾಲರ್ ಮೀರಿದ್ದಕ್ಕೆ ಶೇ 40ರವರೆಗೆ ಉತ್ತರಾಧಿಕಾರ ತೆರಿಗೆ ಬೀಳುತ್ತದೆ. ಫ್ರಾನ್ಸ್‌ನಲ್ಲಿ ಸ್ಥಿರಾಸ್ತಿ ನಿವ್ವಳವಾಗಿ 13 ಲಕ್ಷ ಯೂರೋ ಮೀರಿದರೆ ಬದುಕಿರುವಾಗಲೇ ವಾರ್ಷಿಕ ಸಂಪತ್ತು ತೆರಿಗೆ. ಅನಿವಾಸಿಗಳಿಗೆ ಅಲ್ಲಿನ ಆಸ್ತಿಯಷ್ಟೇ ಲೆಕ್ಕ. ಇದನ್ನು ತಪ್ಪಿಸಲೆಂದು ಕಂಪನಿಯ ಹೆಸರಿನಲ್ಲಿ ಕೊಳ್ಳಲು ಸಲಹೆ ಕೊಡುವವರು ಸಿಗುತ್ತಾರೆ. ಬ್ರಿಟನ್ ಕಂಪನಿಗಳ ಹೆಸರಿನಲ್ಲಿರುವ 5,00,000 ಪೌಂಡ್ ಮೀರಿದ ಮನೆಗಳಿಗೆಂದೇ ವಾರ್ಷಿಕ ತೆರಿಗೆಯೊಂದನ್ನು ಇಟ್ಟಿದೆ. ಸಲಹೆ ಕೊಟ್ಟವರು ಆ ತೆರಿಗೆಯ ಹೆಸರನ್ನೂ ಹೇಳಿದರೇ ಎಂದು ಗಮನಿಸಿ.

ಹಂತ 11: ಮಾರಿದ ಮೇಲಿನ ತಿಂಗಳುಗಳು

ಪುರಸಭೆಯ ದಾಖಲೆಯಲ್ಲಿ ಹೆಸರು ಬದಲಾಗಿದೆಯೇ ಎಂದು ಬರಹದಲ್ಲಿ ಖಚಿತಪಡಿಸಿಕೊಳ್ಳಿ, ಇಲ್ಲವಾದರೆ ಮುಂದಿನ ವರ್ಷದ ಬಿಲ್ಲೂ ನಿಮ್ಮ ಹೆಸರಿಗೇ ಹುಟ್ಟುತ್ತದೆ. ತಾನಾಗಿ ಕಡಿತವಾಗುವ ಆದೇಶವನ್ನು ರದ್ದುಮಾಡಿ. ಆ ವರ್ಷದ ಕೊನೆಯ ವಿವರಪಟ್ಟಿಯನ್ನು ಸಲ್ಲಿಸಿ; ಮನೆ ಹೋಗಿದ್ದರೂ ಮಾರಿದ ವರ್ಷದ ಲೆಕ್ಕ ಬಾಕಿ ಇರುತ್ತದೆ. ಹೊಸ ಊರಿಗೆ ವಾಸ ಬದಲಾಯಿಸಿದರೆ ತೆರಿಗೆ ಇಲಾಖೆಗೆ ಆ ವಿಳಾಸವನ್ನೂ ತಿಳಿಸಿ. ಹಿಡಿದಿಟ್ಟ ಹಣ ಮರಳುವುದು ಅಲ್ಲಿನ ಬ್ಯಾಂಕ್ ಖಾತೆಗಾದರೆ, ಅದು ಬಂದು ಸೇರುವವರೆಗೆ ಆ ಖಾತೆಯನ್ನು ಮುಚ್ಚಬೇಡಿ.